ಜಾತ್ರೆ ಮುಗಿದ ಬಯಲು

ಉತ್ತರ ಜರ್ಮನಿಯ ವಾಕನ್‌ಗೆ ಹೋಗುವವರು ಭಾನುವಾರ ಮಾತ್ರ ಹೊರಡಬೇಡಿ. ಹ್ಯಾಂಬರ್ಗ್‌ನಿಂದ ಇಟ್ಸೆಹೋ ಎಂಬ ಪಟ್ಟಣದವರೆಗೆ ರೈಲು ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಮೊಬೈಲ್ ಬಸ್ ಇದೆ ಎಂದಿತು. ನಿಲ್ದಾಣದ ಫಲಕವೂ ಇದೆ ಎಂದಿತು. ಆ ಫಲಕದ ಅಡಿಯಲ್ಲಿ, ಔಷಧದ ಡಬ್ಬಿಯ ಮೇಲಿರುವಂಥ ಸಣ್ಣ ಅಕ್ಷರದಲ್ಲಿ, ಭಾನುವಾರದ ಬಸ್ಸಿಗೆ ಮೊದಲೇ ಫೋನ್ ಮಾಡಿ ಹೇಳಿರಬೇಕು ಎಂಬ ಸಾಲೊಂದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಜಿಟಿಜಿಟಿ ಮಳೆಯಲ್ಲಿ ಐವತ್ತು ನಿಮಿಷ ನಿಂತ ಮೇಲೆ. ಟ್ಯಾಕ್ಸಿಗೆ ತೆತ್ತ ಯೂರೋಗಳನ್ನು ರೂಪಾಯಿಗೆ ಗುಣಿಸಬಾರದು ಎಂದುಕೊಂಡೇ ಗುಣಿಸಿದೆ. ಅಷ್ಟು ದುಡ್ಡಿನಲ್ಲಿ ದೊಡ್ಡಬಳ್ಳಾಪುರದಿಂದ ಮನೆಮಂದಿಯೆಲ್ಲ ತಿರುಪತಿಗೆ ಹೋಗಿ ಬರಬಹುದಿತ್ತು.

ಕಚೇರಿಯ ಕೆಲಸಕ್ಕೆಂದು ನವೆಂಬರಿನಲ್ಲಿ ಹ್ಯಾಂಬರ್ಗ್‌ನಲ್ಲಿ ಹತ್ತು ದಿನ ಇದ್ದೆ. ಆ ಹತ್ತು ದಿನಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಎಲ್ಲರೂ ಹೊಗಳುವ ಬಂದರು ನನಗೆ ಕ್ರೇನುಗಳ ಕಾಡಿನಂತೆ ಕಂಡಿತು. ಫ್ರಾಂಟ್ಸ್‌ಬ್ರೋಟ್ಶನ್ ಎಂಬ ಅಲ್ಲಿನ ದಾಲ್ಚಿನ್ನಿ ಬನ್ನನ್ನು ಮಾತ್ರ ಇನ್ನೂ ಕನಸಿನಲ್ಲಿ ತಿನ್ನುತ್ತಿದ್ದೇನೆ.

ವಾಕನ್ ಸುಮಾರು ಎರಡು ಸಾವಿರ ಜನರ ಹಳ್ಳಿ. 1990ರಲ್ಲಿ ಥಾಮಸ್ ಯೆನ್ಸನ್ ಮತ್ತು ಹೋಲ್ಗರ್ ಹ್ಯೂಬ್ನರ್ ಎಂಬ ಇಬ್ಬರು ಯುವಕರು ಊರಿನ ಜಲ್ಲಿ ತೆಗೆದ ಗುಂಡಿಯಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಕಛೇರಿ ಏರ್ಪಡಿಸಿದರು. ಅಂದು ಬಂದವರು ಎಂಟುನೂರು ಮಂದಿ. ಈಗ ಪ್ರತಿ ಬೇಸಿಗೆಯಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕಪ್ಪು ಅಂಗಿ ತೊಟ್ಟು ಇಲ್ಲಿಗೆ ಇಳಿಯುತ್ತಾರೆ. ಊರಿನ ಅಗ್ನಿಶಾಮಕ ದಳದವರ ವಾದ್ಯಮೇಳವೂ ವೇದಿಕೆ ಏರುತ್ತದೆ. ಉಳಿದ ಹನ್ನೊಂದು ತಿಂಗಳು ಜೋಳದ ಹೊಲ, ಹುಲ್ಲುಗಾವಲು, ಗಾಳಿಯಂತ್ರ.

ನಾನು ಹೋದದ್ದು ಆ ಉಳಿದ ಹನ್ನೊಂದರಲ್ಲಿ. ಅದಕ್ಕೆ ಕಾರಣ ಒಂದು ಧ್ವನಿಮುದ್ರಿಕೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ‘ಅಟ್ ದ ಗೇಟ್ಸ್’ ತಂಡ 1995ರಲ್ಲಿ ‘ಸ್ಲಾಟರ್ ಆಫ್ ದ ಸೋಲ್’ ಎಂಬ ಆಲ್ಬಂ ತಂದು, ಅದು ಊರೂರು ಮುಟ್ಟುವ ಹೊತ್ತಿಗೆ, ಮರುವರ್ಷವೇ ಮುರಿದುಬಿತ್ತು. ಗಿಟಾರಿನ ಆಂಡರ್ಸ್ ಬ್ಯೋರ್ಲರ್ ಹೊರಟುಹೋದರು. ಅವರ ಅವಳಿ ಯೋನಾಸ್ ಇದೇ ತಂಡದ ಬೇಸ್ ವಾದಕ. ಒಂದು ಬಗೆಯಲ್ಲಿ ಮನೆಯೇ ಒಡೆದಂತೆ. ಹನ್ನೆರಡು ವರ್ಷದ ಮೇಲೆ, ಇದೊಂದೇ ಬಾರಿ ಎಂದು ಹೇಳಿಕೊಂಡು 2008ರಲ್ಲಿ ಮತ್ತೆ ಒಂದಾದರು. ಆ ವರ್ಷ ವಾಕನ್‌ನಲ್ಲಿ ನುಡಿಸಿದ್ದು 2010ರಲ್ಲಿ ‘ಪರ್ಗೆಟರಿ ಅನ್‌ಲೀಶ್ಡ್’ ಎಂಬ ಹೆಸರಿನಲ್ಲಿ ಹೊರಬಂತು. ಒಂದೇ ಬಾರಿ ಎಂದವರು ಆಮೇಲೆ ನಿಲ್ಲಲಿಲ್ಲ, 2014ರಲ್ಲಿ ಹೊಸ ಹಾಡುಗಳನ್ನೇ ಕಟ್ಟಿದರು. ಅದಕ್ಕೆ ನನ್ನ ತಕರಾರೇನೂ ಇಲ್ಲ.

2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ಬಂದಾಗ ಮನೆಯಲ್ಲಿ ಸುಳ್ಳು ಹೇಳಿ ಬೆಂಗಳೂರಿಗೆ ಹೋದವನು ನಾನು. ಅಲ್ಲಿಂದಾಚೆಗೆ ಹಿಡಿದ ಹುಚ್ಚು ಬಿಡಲಿಲ್ಲ. ವಾಕನ್ನಿನ ಆ ಮುದ್ರಿಕೆ ಗೆಳೆಯನೊಬ್ಬನ ಪೆನ್ ಡ್ರೈವ್‌ನಲ್ಲಿ ನನ್ನ ಪಾಲಿಗೆ ಬಂತು. ಸ್ಟುಡಿಯೋದಲ್ಲಿ ತಿದ್ದಿ ತೀಡಿ, ಚಪ್ಪಾಳೆಯನ್ನೂ ಇಸ್ತ್ರಿ ಮಾಡಿ ಕೊಡುವ ಲೈವ್ ಆಲ್ಬಂಗಳು ನನಗೆ ರುಚಿಸುವುದಿಲ್ಲ; ಫೋಟೋ ಸ್ಟುಡಿಯೋದ ಪರದೆಯ ಮುಂದೆ ನಿಂತ ಮದುಮಕ್ಕಳ ಹಾಗಿರುತ್ತವೆ. ಈ ಮುದ್ರಿಕೆಯಲ್ಲಿ ಬಯಲಿನ ಗಾಳಿ ಇದೆ. ಹಾಡುಗಾರ ಥಾಮಸ್ ಲಿಂಡ್‌ಬರ್ಗ್ ಗಂಟಲು ಹರಿದುಕೊಳ್ಳುವುದು ಕೇಳಿಸುತ್ತದೆ. ಇಷ್ಟು ಕಿರುಚುವ ಮನುಷ್ಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರೂ ಆಗಿದ್ದರು ಎಂದು ತಿಳಿದ ದಿನ ನನ್ನ ಹೈಸ್ಕೂಲಿನ ಮೇಷ್ಟ್ರನ್ನು ನೆನೆದು ಒಬ್ಬನೇ ನಕ್ಕಿದ್ದೆ. 2025ರ ಸೆಪ್ಟೆಂಬರ್ 16ರಂದು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಐವತ್ತೆರಡು ವರ್ಷ. ಆ ಧ್ವನಿ ಯಾವ ನೆಲದ ಮೇಲೆ ಹರಡಿತ್ತೋ ಅಲ್ಲಿ ಹೋಗಿ ನಿಲ್ಲಬೇಕು ಎನ್ನಿಸಿತು, ಅಷ್ಟೇ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಮುಗಿದ ವಾರದಲ್ಲಿ ಆ ಬಯಲನ್ನು ನೋಡಿದವರಿಗೆ ವಾಕನ್ನನ್ನು ಬೇರೆ ವಿವರಿಸಬೇಕಾಗಿಲ್ಲ. ಬೇಕರಿಗೆ ಬಾಗಿಲು. ಇಗರ್ಜಿಯ ಬಳಿ ಒಬ್ಬ ಮುದುಕಿ, ಒಂದು ನಾಯಿ. ಹೊಲದ ಅಂಚಿನಲ್ಲಿ ತಂತಿ ಬೇಲಿ, ಅದರಾಚೆ ನೆಂದ ಹುಲ್ಲು, ಮೋಡ ನೆಲಕ್ಕೆ ಬಿದ್ದಂತಿತ್ತು. ಅಲ್ಲಿ ನಿಂತಿದ್ದಾಗ ರಬ್ಬರ್ ಬೂಟು ತೊಟ್ಟ, ಅರವತ್ತು ದಾಟಿದ ರೈತರೊಬ್ಬರು ‘ಮೊಯಿನ್’ ಎಂದರು. ಆ ಕಡೆ ಬೆಳಗ್ಗೆಗೂ ಸಂಜೆಗೂ ಅದೊಂದೇ ನಮಸ್ಕಾರ. ನನ್ನ ಅಂಗಿಯ ಮೇಲಿನ ಚಿತ್ರ ನೋಡಿ, “ಒಂಬತ್ತು ತಿಂಗಳು ಮುಂಚೆ ಬಂದಿದ್ದೀರಿ” ಎಂದರು.

ಅವರ ಅರೆಬರೆ ಇಂಗ್ಲಿಷು, ನನ್ನ ಮೊಬೈಲಿನ ಅನುವಾದ, ಇವೆರಡನ್ನು ಸೇರಿಸಿ ಮಾತು ನಡೆಯಿತು. 2008ರಲ್ಲಿ ವೇದಿಕೆ ಎಲ್ಲಿತ್ತು ಎಂದು ಕೇಳಿದೆ. ಗದ್ದವೆತ್ತಿ ಅತ್ತ ತೋರಿಸಿದರು. ಅಟ್ ದ ಗೇಟ್ಸ್? ಗೊತ್ತಿಲ್ಲವೆಂದು ತಲೆಯಾಡಿಸಿದರು. “ನಮ್ಮ ಮನೆಗೆ ಎಲ್ಲರೂ ಒಂದೇ ಥರ ಕೇಳಿಸುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದಷ್ಟೇ ವ್ಯತ್ಯಾಸ.”

ಮಳೆ ಜೋರಾದಾಗ ಕೊಟ್ಟಿಗೆಗೆ ಕರೆದರು. ಒಳಗೆ ಸಾಲಾಗಿ ಕಪ್ಪು ಬಿಳುಪಿನ ಹಸುಗಳು. ನಾನು ಉದ್ಗರಿಸಿದ್ದು ಕನ್ನಡದಲ್ಲಿ: “ಅಯ್ಯೋ, ಎಚ್‌ಎಫ್!” ನಮ್ಮ ಮನೆಯಲ್ಲಿ ಎರಡು ಎಚ್‌ಎಫ್ ಮಿಶ್ರತಳಿ ಹಸುಗಳಿದ್ದವು. ಡೇರಿಯಲ್ಲಿ ಸರದಿ ನಿಂತು, ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡುತ್ತಾ ಬೆಳೆದವನು ನಾನು. ಹೋಲ್‌ಸ್ಟೈನ್ ಫ್ರೀಜಿಯನ್ ಎಂದು ಬಾಯಿಪಾಠ ಒಪ್ಪಿಸಿದವನಿಗೆ, ಆ ಹೋಲ್‌ಸ್ಟೈನ್ ಎಂಬುದು ತಾನು ಈಗ ಕಾಲಿಟ್ಟ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಹೆಸರಿನಲ್ಲಿರುವುದೇ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಂಗೀತದ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಒಂದೂವರೆ ಗಂಟೆ ನಾವು ಆಡಿದ್ದೆಲ್ಲ ಹಸುವಿನ ಮಾತು.

ಒಂದು ಡಬ್ಬಿಯಿಂದ ಅವರು ಹೆಬ್ಬೆರಳಿಗಿಂತ ತುಸು ಉದ್ದದ, ಪ್ಲಾಸ್ಟಿಕ್ ಪಂಜರ ತೊಡಿಸಿದ ತುಂಡೊಂದನ್ನು ತೆಗೆದು ನನ್ನ ಅಂಗೈಗಿಟ್ಟರು. ಭಾರವಾಗಿತ್ತು. ಗೋಡೆಗಿದ್ದ ಸಲಾಕೆಯ ಹತ್ತಿರ ಹಿಡಿದರೆ ಕೈಯನ್ನೇ ಎಳೆಯಿತು. ಹಸುವಿಗೆ ನುಂಗಿಸುವ ಅಯಸ್ಕಾಂತ. ಹಸು ಮೇವನ್ನು ಮೊದಲು ಸರಿಯಾಗಿ ಅಗಿಯದೆ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಹುಲ್ಲಿನೊಂದಿಗೆ ಮೊಳೆಯೋ ತಂತಿಯೋ ಹೋದರೆ ಎರಡನೆಯ ಜಠರದಲ್ಲಿ ಕೂರುತ್ತದೆ. ಅದರ ಪಕ್ಕಕ್ಕೇ ಹೃದಯ. ಒಳಗಿರುವ ಅಯಸ್ಕಾಂತ ಆ ಲೋಹವನ್ನು ಹಿಡಿದಿಟ್ಟುಕೊಂಡರೆ ಹಸು ಬದುಕುತ್ತದೆ.

ಉತ್ಸವದ ನಾಲ್ಕು ದಿನಗಳಲ್ಲಿ ಸಾವಿರಾರು ಡೇರೆಗಳು, ಪ್ರತಿ ಡೇರೆಗೆ ಹತ್ತಾರು ಗೂಟಗಳು, ಕೆಸರಿನಲ್ಲಿ ಹೂತು ಮರೆತವು ಎಷ್ಟೋ. ಜನ ಹೋದ ಮೇಲೆ ಸಾಲಾಗಿ ನಡೆದು ಆಯುತ್ತಾರಂತೆ, ಟ್ರ್ಯಾಕ್ಟರಿನ ಹಿಂದೆ ಅಯಸ್ಕಾಂತದ ಪಟ್ಟಿ ಕಟ್ಟಿ ಎಳೆಯುತ್ತಾರಂತೆ. ಆದರೂ ಮಣ್ಣು ವರ್ಷವಿಡೀ ಒಂದೊಂದನ್ನೇ ಉಗುಳುತ್ತದೆ. ಅವರು ಮೊಬೈಲಿಗೆ ಏನೋ ಹೇಳಿದರು, ಪರದೆಯಲ್ಲಿ ಮೂಡಿತು: “ಮನುಷ್ಯರಿಗೆ ಮೆಟಲ್ ಒಗ್ಗುತ್ತದೆ. ನನ್ನ ಹಸುಗಳಿಗೆ ಒಗ್ಗುವುದಿಲ್ಲ.”

ನಾನು ಗೌರಿಯ ಕಥೆ ಹೇಳಿದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಪಕ್ಕದ ಮನೆಗೆ ತಾರಸಿ ಹಾಕಿದರು. ನಮ್ಮ ಗೌರಿ ಮೇವು ಬಿಟ್ಟಳು, ಎದೆಯ ಕೆಳಗೆ ಬಾವು ಬಂತು, ಹನ್ನೆರಡನೆಯ ದಿನ ಸತ್ತಳು. ಕೊಯ್ದು ನೋಡಿದ ಡಾಕ್ಟರು ಎರಡಂಗುಲದ ಬೈಂಡಿಂಗ್ ತಂತಿಯನ್ನು ತಂದು ಅಮ್ಮನ ಮುಂದೆ ಇಟ್ಟರು. ಅಮ್ಮ ಅದನ್ನು ಬಹಳ ದಿನ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಇಷ್ಟನ್ನು ಮೊಬೈಲು ಜರ್ಮನ್ ಭಾಷೆಗೆ ಹೇಗೆ ತಿರುಗಿಸಿತೋ ತಿಳಿಯದು. ಅವರು ಓದಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

ಮಳೆ ನಿಂತ ಮೇಲೆ ಬೇಲಿಯ ಬಳಿ ಒಬ್ಬನೇ ಹೋಗಿ ಕಿವಿಗೆ ಹಾಡು ಹಾಕಿಕೊಂಡೆ. ಮೊದಲು ಜನಸಾಗರದ ಗದ್ದಲ. ಕಣ್ಣೆದುರು ಹುಲ್ಲು, ನಾಲ್ಕು ಕಾಗೆ. ಗಿಟಾರುಗಳು ಒಟ್ಟಿಗೆ ಎರಗಿದವು, ಲಿಂಡ್‌ಬರ್ಗ್ ಕೂಗಿದರು, ಸಾವಿರಾರು ಜನ ಅದೇ ಕೂಗನ್ನು ಹಿಂದಿರುಗಿಸಿದರು. ‘ಬ್ಲೈಂಡೆಡ್ ಬೈ ಫಿಯರ್’ ಬರುವವರೆಗೆ ತಡೆದುಕೊಂಡಿದ್ದೆ. ಅಲ್ಲಿ ಕಣ್ಣು ತುಂಬಿತು. ಕಾಲ ಬುಡದಲ್ಲಿ ಬಾಗಿದ, ತುಕ್ಕು ಹಿಡಿದ ಡೇರೆ ಗೂಟವೊಂದು ಕಂಡಿತು. ಎತ್ತಿ ಒರೆಸಿ, ತಂದು ರೈತರ ಕೈಗೆ ಕೊಟ್ಟೆ. ಅವರು ಅದನ್ನು ಬಕೆಟ್ಟಿಗೆ ಎಸೆದರು. ಬಕೆಟ್ಟು ಅರ್ಧ ತುಂಬಿತ್ತು.

ಬಸ್ಸಿನ ಕಥೆ ಕೇಳಿ ಅವರೇ ಇಟ್ಸೆಹೋವರೆಗೆ ಕಾರಿನಲ್ಲಿ ಬಿಡಲು ಹೊರಟರು. ನಾಲ್ಕೂವರೆಗೇ ಕತ್ತಲು, ಕಾರಿನ ತುಂಬ ರಸಮೇವಿನ ಹುಳಿ ವಾಸನೆ. ಊರಿನಲ್ಲಿ ಆಗ ರಾತ್ರಿ ಒಂಬತ್ತು. ಅಮ್ಮ ಫೋನ್ ಮಾಡಿದಳು. ಎಲ್ಲಿದ್ದೇನೆ ಎಂದೆ. ಹಾಡಿನ ವಿಷಯ ಅವಳು ಕೇಳಲಿಲ್ಲ. “ಒಂದು ಹಸು ಎಷ್ಟು ಕರೆಯುತ್ತದಂತೆ, ಕೇಳು” ಎಂದಳು.

ಕೇಳಿದೆ. ದಿನಕ್ಕೆ ಮೂವತ್ತು ಲೀಟರ್ ಎಂದರು ರೈತರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸುಳ್ಳು ಹೇಳುತ್ತಿದ್ದಾನೆ, ಬಿಡು” ಎಂದಳು.