ನಾಟಕದ ನಂತರ ಒಂದೇ ಸೂರಿನಡಿ

ನಾಟಕ ನೋಡಿದ ರಾತ್ರಿ ಮನೆ ಸೇರುವಷ್ಟರಲ್ಲಿ ಅರ್ಧ ನಾಟಕ ಕರಗಿಹೋಗಿರುತ್ತದೆ ಎಂಬುದು ನನ್ನ ಬಹುಕಾಲದ ಕೊರಗು. ರಂಗಮಂದಿರದ ಬಾಗಿಲಲ್ಲಿ ನಿಂತು ಮಾತು ಶುರುವಾಯಿತು ಎನ್ನುವಾಗಲೇ ಒಬ್ಬರಿಗೆ ಕೊನೆಯ ಬಸ್ಸು ನೆನಪಾಗುತ್ತದೆ, ಇನ್ನೊಬ್ಬರಿಗೆ ಬೆಳಗಿನ ಕೆಲಸ. ಕಳೆದ ವಾರಾಂತ್ಯ ನಾವು ನಾಲ್ವರು ಸ್ನೇಹಿತರು ಒಳಗೇ ಮಲಗಿ ಉಳಿಯಬಹುದಾದ ಮನೆಯಂಥ ವಾಹನ, ಅಂದರೆ ಮೋಟರ್ ಹೋಮ್ ಒಂದನ್ನು ಬಾಡಿಗೆಗೆ ಪಡೆದು, ಎರಡು ದಿನಗಳಲ್ಲಿ ಎರಡು ನಾಟಕಗಳನ್ನು ನೋಡಿಬಂದದ್ದಕ್ಕೆ ಈ ಕೊರಗೇ ಕಾರಣ.

ರಂಗಭೂಮಿಗೂ ಚಕ್ರಕ್ಕೂ ಇರುವ ನಂಟು ಹೊಸದೇನಲ್ಲ. ಗ್ರೀಕರ ಮೊದಲ ನಟನೆಂದು ಪರಂಪರೆ ಹೇಳುವ ಥೆಸ್ಪಿಸ್ ತನ್ನ ನಾಟಕಗಳನ್ನು ಬಂಡಿಯ ಮೇಲೆ ಹೇರಿಕೊಂಡು ತಿರುಗುತ್ತಿದ್ದನೆಂದು ರೋಮನ್ ಕವಿ ಹೊರೇಸ್ ಬರೆದಿದ್ದಾನೆ. ಅಲ್ಲಿ ನಟರು ಬಂಡಿಯಲ್ಲಿ ಬಂದರು, ಇಲ್ಲಿ ಪ್ರೇಕ್ಷಕರು ಬಂದೆವು. ವ್ಯತ್ಯಾಸ ಅಷ್ಟೇ ಎಂದು ನನಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಹೋಗಬಯಸುವವರಿಗೆ ಉಪಯೋಗವಾಗಲೆಂದು ವಾಹನದ ವಿಷಯವನ್ನೂ ಸ್ವಲ್ಪ ಹೇಳುತ್ತೇನೆ. ಎಷ್ಟು ಜನ ಮಲಗಬಹುದು ಎಂಬ ಲೆಕ್ಕವನ್ನು ನಂಬಿ ಜನರನ್ನು ಸೇರಿಸಬಾರದು. ಸೀಟ್‌ ಬೆಲ್ಟ್‌ ಎಷ್ಟಿವೆಯೋ ಅಷ್ಟೇ ಜನ ಪ್ರಯಾಣ ಮಾಡಬೇಕು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಆದ್ದರಿಂದ, 100 ಲೀಟರ್ ಟ್ಯಾಂಕ್ ತುಂಬಿಸಿ ಹೊರಡುವುದೆಂದರೆ ಮತ್ತೊಬ್ಬ ದಪ್ಪ ಪ್ರಯಾಣಿಕನನ್ನು ಹತ್ತಿಸಿಕೊಂಡಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ನಮ್ಮ ವಾಹನ ಮೂರು ಮೀಟರಿನ ಹತ್ತಿರವಿತ್ತು, ರಂಗಮಂದಿರದ ಪಾರ್ಕಿಂಗ್ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ್ದ ಕಂಬಿ ಅದಕ್ಕಿಂತ ಬಹಳ ಕೆಳಗಿತ್ತು. ಈ ವಿಷಯವನ್ನು ಮೊದಲೇ ವಿಚಾರಿಸಿಕೊಂಡಿದ್ದರಿಂದ, ಇಪ್ಪತ್ತು ನಿಮಿಷ ನಡೆದರೆ ಸಿಗುವ ಕ್ಯಾಂಪಿಂಗ್ ಜಾಗದಲ್ಲಿ ಹಗಲಿರುವಾಗಲೇ ವಾಹನ ನಿಲ್ಲಿಸಿದೆವು. ವಾಹನ ಸಮತಟ್ಟಾಗಿ ನಿಂತಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ತಗ್ಗಿನಲ್ಲಿದ್ದ ಎರಡು ಚಕ್ರಗಳನ್ನು ಅಡಿಗಿಡುವ ಇಳಿಜಾರು ದಿಮ್ಮಿಗಳ ಮೇಲೆ ಹತ್ತಿಸಿ, ಗ್ಯಾಸಿನ ವಾಲ್ವ್ ಮುಚ್ಚಿದ್ದೇವೆಯೇ ಎಂದು ಇಬ್ಬರು ಬೇರೆಬೇರೆಯಾಗಿ ನೋಡಿದ ಮೇಲೆಯೇ ನಾಟಕಕ್ಕೆ ಹೊರಟದ್ದು.

ಅಂದು ಸಂಜೆ ಬಯಲು ರಂಗಮಂದಿರದಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಆಂಟಿಗೊನಿ’. ಸತ್ತ ಅಣ್ಣನಿಗೆ ಮಣ್ಣು ಕೊಡಬಾರದೆಂಬ ರಾಜಾಜ್ಞೆಯನ್ನು ಮೀರಿದ ಹೆಣ್ಣಿನ ಕಥೆಯದು. ಪ್ರಾಚೀನ ಗ್ರೀಸಿನಲ್ಲಿ ಮೂವರೇ ನಟರು ಮುಖವಾಡ ಬದಲಿಸುತ್ತ ಎಲ್ಲ ಪಾತ್ರಗಳನ್ನೂ ನಿರ್ವಹಿಸುತ್ತಿದ್ದರು. ಈ ತಂಡವೂ ಅದೇ ಕ್ರಮವನ್ನು ಅನುಸರಿಸಿತ್ತು. ಇದರಿಂದಾಗಿ, ಅಣ್ಣನ ಶವಸಂಸ್ಕಾರಕ್ಕೆ ಕೈಜೋಡಿಸಲು ಹೆದರಿದ ತಂಗಿ ಇಸ್ಮೀನಿಯ ಪಾತ್ರ ಮಾಡಿದ ನಟಿಯೇ, ಸ್ವಲ್ಪ ಹೊತ್ತಿನಲ್ಲಿ ಆಂಟಿಗೊನಿಯನ್ನು ಹಿಡಿದು ತರುವ ಕಾವಲುಗಾರನಾಗಿ ಬಂದಳು. ಮೂಲದಲ್ಲಿ ಮಣ್ಣು ಹಾಕುವ ಕ್ರಿಯೆ ನಮ್ಮ ಕಣ್ಣೆದುರು ನಡೆಯುವುದಿಲ್ಲ, ಕಾವಲುಗಾರನ ವರದಿಯಲ್ಲಿ ಕೇಳಿಬರುತ್ತದೆ. ಇಲ್ಲಿ ನಿರ್ದೇಶಕರು, ಅವನು ಹೇಳುತ್ತಿರುವಂತೆಯೇ ಆಂಟಿಗೊನಿ ಅದನ್ನು ಮತ್ತೊಮ್ಮೆ ಮಾಡಿ ತೋರಿಸುವಂತೆ ಸಂಯೋಜಿಸಿದ್ದರು.

ಆಗಲೇ ಮಳೆ ಬಂತು. ಪ್ರದರ್ಶನ ಹತ್ತು ನಿಮಿಷ ನಿಂತಿತು. ಯಾರೂ ಎದ್ದು ಹೋಗಲಿಲ್ಲ. ಮತ್ತೆ ಆರಂಭವಾದಾಗ ಆಂಟಿಗೊನಿಯ ಬಟ್ಟಲಿನಲ್ಲಿದ್ದ ಧೂಳು ಕೆಸರಾಗಿತ್ತು. ಉದುರಿಸಬೇಕಾದ ಮಣ್ಣು ಅಂಗೈಗೆ ಅಂಟಿಕೊಂಡು ಬೀಳಲೊಲ್ಲದು. ಆಕೆ ಒಂದು ಕ್ಷಣ ಕೈಯನ್ನೇ ನೋಡಿದಳು. ಬಳಿಕ ಮೊಣಕಾಲೂರಿ, ಶವದ ಮೇಲಿನ ಬಟ್ಟೆಗೆ ಆ ಮಣ್ಣನ್ನು ಬೆರಳಬೆರಳಾಗಿ ಒರೆಸಿದಳು, ಮಗುವಿಗೆ ಎಣ್ಣೆ ಹಚ್ಚುವಷ್ಟು ನಿಧಾನವಾಗಿ. ಯಾವ ತಾಲೀಮಿನಲ್ಲೂ ಇದು ಇದ್ದಿರಲಾರದು. ನಾನು ಈ ತನಕ ನೋಡಿದ ರಂಗಕ್ರಿಯೆಗಳಲ್ಲಿ ಇದಕ್ಕೆ ಸಮನಾದುದು ನನಗೆ ನೆನಪಾಗುತ್ತಿಲ್ಲ.

ಒದ್ದೆ ಜಾಕೆಟ್ಟುಗಳನ್ನು ಸ್ನಾನದ ಗೂಡಿನಲ್ಲಿ ನೇತುಹಾಕಿ, ಮಡಚುವ ಮೇಜಿನ ಸುತ್ತ ಮಂಡಿಗೆ ಮಂಡಿ ತಾಗಿಸಿಕೊಂಡು ನಾವು ನಾಲ್ವರು ಕುಳಿತಾಗ, ಎದ್ದು ಹೋಗಲು ಯಾರಿಗೂ ಬೇರೆ ಜಾಗವಿರಲಿಲ್ಲ. ಒಬ್ಬ ಗೆಳೆಯ ಇಸ್ಮೀನಿಯನ್ನು ಹೇಡಿ ಎಂದ. ಅವಳು ಕೊನೆಗೆ ಅಕ್ಕನೊಂದಿಗೆ ಸಾಯಲು ಮುಂದಾದಳಲ್ಲ, ಬೇಡವೆಂದವಳು ಆಂಟಿಗೊನಿಯೇ ಅಲ್ಲವೇ ಎಂದು ನಾನು ಕೇಳಿದೆ. ಒಂದೇ ನಟಿ ಎರಡೂ ಪಾತ್ರ ಮಾಡಿದ್ದರಿಂದ ಭಯಪಡುವವರೂ ಸೆರೆಹಿಡಿಯುವವರೂ ಒಂದೇ ಎಂಬ ಅನ್ಯಾಯದ ಅರ್ಥ ಹುಟ್ಟಿತೆಂದು ಮೂರನೆಯವಳು ಸಿಟ್ಟಾದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ವಾದ ಬಿಸಿಯಾಗಿ, ತಣ್ಣಗಾಗಿ, ದೀಪ ಆರಿಸಿದ ಮೇಲೂ ಮೇಲಿನ ಹಾಸಿಗೆಯಿಂದ ಕೆಳಗಿನದಕ್ಕೆ ಕತ್ತಲಲ್ಲೇ ಮುಂದುವರಿಯಿತು. ಮಳೆ ಲೋಹದ ಚಾವಣಿಯ ಮೇಲೆ ಸುರಿಯುತ್ತಿದ್ದುದರಿಂದ ಕೆಲವು ಮಾತುಗಳನ್ನು ಎರಡೆರಡು ಸಲ ಕೂಗಿ ಹೇಳಬೇಕಾಯಿತು.

ಮರುದಿನ ಮಧ್ಯಾಹ್ನ ನೋಡಿದ್ದು ಸಣ್ಣ ಸಭಾಂಗಣವೊಂದರಲ್ಲಿ ಇಬ್ಬರೇ ಆಡಿದ ಹಾಸ್ಯನಾಟಕ. ಅಚ್ಚುಕಟ್ಟಾಗಿತ್ತು, ಚೆನ್ನಾಗಿ ನಕ್ಕೆವು. ಆದರೆ ಮಧ್ಯಂತರದಲ್ಲಿ ನಾವು ಮಾತನಾಡಿದ್ದು ಆ ಕೆಸರಿನ ಬಗ್ಗೆಯೇ.

ಸಂಜೆ ಕೊಳೆನೀರಿನ ಟ್ಯಾಂಕನ್ನು ನಿಗದಿತ ಜಾಗದಲ್ಲಿ ಖಾಲಿ ಮಾಡಿ, ಒಳಗೆ ಗುಡಿಸಿ, ಕಪಾಟುಗಳ ಅಗಳಿ ಹಾಕಿ ಹೊರಟೆವು. ನಮ್ಮ ನಾಲ್ಕನೆಯ ಗೆಳತಿ ಎರಡೂ ದಿನ ವಾಹನ ಓಡಿಸಿದವಳು, ಹಿಂದಿನ ರಾತ್ರಿಯ ವಾದದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ನನ್ನ ಮನೆಯ ತಿರುವಿನಲ್ಲಿ ವಾಹನ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ನನ್ನ ಚೀಲ ಕೊಡುತ್ತ ಅವಳು ಕೇಳಿದಳು: “ಇಸ್ಮೀನಿ ಸಾಯಲಿಲ್ಲ ಅಲ್ಲವಾ? ಅಷ್ಟೆಲ್ಲ ಆದಮೇಲೆ ಅವಳ ಗತಿ ಏನಾಯಿತು ಅಂತ ನಾಟಕದಲ್ಲಿ ಒಬ್ಬರೂ ಕೇಳಲೇ ಇಲ್ಲ.” ಉಳಿದಿಬ್ಬರೂ ಕಿಟಕಿಯಿಂದ ತಲೆ ಹೊರಹಾಕಿದರು. ನಾನು ಚೀಲವನ್ನು ಮತ್ತೆ ಒಳಗಿಟ್ಟೆ.