ಲ್ಯಾಬಿನಲ್ಲಿ ಕಲ್ಚರ್ ಚೆಲ್ಲಿದರೆ ಬಟ್ಟೆಗೆ ಕೈ ಹಾಕಬೇಡಿ

ಬಿ.ಎಸ್ಸಿ. ಮೈಕ್ರೋಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ ಕಲ್ಚರ್ (ಬ್ರಾತ್ ಎಂಬ ಪೋಷಕ ದ್ರವದಲ್ಲಿ ಬೆಳೆಸಿದ್ದು) ಇರುವ ಟ್ಯೂಬ್ ಕೈಜಾರಿ ಒಡೆದರೆ ಎಲ್ಲರೂ ಮೊದಲು ಹುಡುಕುವುದು ಒರೆಸುವ ಬಟ್ಟೆಯನ್ನು. ತಪ್ಪಾಗುವುದೇ ಅಲ್ಲಿ. ಅಂಗೈಯಗಲ ಚೆಲ್ಲಿದ್ದು ಇಡೀ ಟೇಬಲ್ಲಿಗೆ ಹರಡುತ್ತದೆ, ಗಾಜಿನ ಚೂರು ಗ್ಲೌಸ್ ಸೀಳುತ್ತದೆ.

ಅಕ್ಕಪಕ್ಕದವರನ್ನು ದೂರ ಕಳಿಸಿ, ಬರ್ನರ್ ಆರಿಸಿ, ಫ್ಯಾನ್ ನಿಲ್ಲಿಸಿ. ಏಪ್ರನ್‌ಗೆ ಸಿಡಿದಿದ್ದರೆ ಅಲ್ಲೇ ಕಳಚಲಿ. ಕಣ್ಣಿಗೆ ಸಿಡಿದಿದ್ದರೆ ಉಳಿದದ್ದೆಲ್ಲ ಬಿಟ್ಟು ಮೊದಲು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ.

ಗ್ಲೌಸ್, ಕನ್ನಡಕ ಹಾಕಿಕೊಂಡು, ಚೆಲ್ಲಿದ ಜಾಗಕ್ಕೆ ಟಿಶ್ಯೂ ಮುಚ್ಚಿ. ಅದರ ಮೇಲೆ 0.5% ಸೋಡಿಯಂ ಹೈಪೋಕ್ಲೋರೈಟನ್ನು (ಕ್ಲೋರಿನ್ ಬಲದ ಸೋಂಕುನಿವಾರಕ ಬ್ಲೀಚ್ ದ್ರಾವಣ) ಅಂಚಿನಿಂದ ಸುತ್ತುತ್ತಾ ನಡುವಿನವರೆಗೆ ನಿಧಾನವಾಗಿ ಸುರಿಯಿರಿ. ಸ್ಪ್ರೇ ಬಾಟಲಿ ಬೇಡವೇ ಬೇಡ, ಅದರ ರಭಸಕ್ಕೆ ಕಲ್ಚರೇ ಹನಿಯಾಗಿ ಗಾಳಿಗೆ ಏಳುತ್ತದೆ. ಆಮೇಲೆ ಗಡಿಯಾರ ನೋಡಿ 20 ನಿಮಿಷ ಮುಟ್ಟದೆ ಬಿಡಿ. ಮುಂದಿನ ಬ್ಯಾಚ್ ಬಾಗಿಲಲ್ಲಿ ಕಾಯುತ್ತಿದ್ದರೂ ಈ ಹೊತ್ತನ್ನು ಕಡಿಮೆ ಮಾಡಬಾರದು. ಗಾಜನ್ನು ಫೋರ್ಸೆಪ್ಸ್‌ನಿಂದಲೇ ಎತ್ತಬೇಕು, ಗ್ಲೌಸ್ ಹಾಕಿದ್ದರೂ ಕೈಯಿಂದ ಅಲ್ಲ. ರಕ್ತ ಚೆಲ್ಲಿದ್ದರೆ ನೆನೆದ ಟಿಶ್ಯೂ ತೆಗೆದು, ಹೊಸ ದ್ರಾವಣ ಹಾಕಿ ಮತ್ತೊಮ್ಮೆ ಕಾಯಿರಿ. ರಕ್ತದ ಪ್ರೋಟೀನೇ ಮೊದಲ ಸಲದ ಕ್ಲೋರಿನ್ನನ್ನು ತಿಂದು ಮುಗಿಸಿರುತ್ತದೆ.

ದ್ರಾವಣದ ಲೆಕ್ಕ ಹೈಪೋಕ್ಲೋರೈಟ್ ಕ್ಯಾನಿನ ಲೇಬಲ್ ನೋಡಿಯೇ ಆಗಬೇಕು. 5% ಇದ್ದರೆ 50 ಮಿ.ಲೀ.ಗೆ 450 ಮಿ.ಲೀ. ನೀರು, 10% ಇದ್ದರೆ 25ಕ್ಕೆ 475. ಬೆರೆಸಿದ್ದನ್ನು ಅಂದೇ ಬಳಸಿ, ಉಳಿದರೆ ಚೆಲ್ಲಿ. ಪಾರದರ್ಶಕ ಬಾಟಲಿಯಲ್ಲಿ ಕಿಟಕಿ ಪಕ್ಕ ತಿಂಗಳುಗಟ್ಟಲೆ ಕೂತ ಹೈಪೋಕ್ಲೋರೈಟ್ ವಾಸನೆ ಹೊಡೆದರೂ ಕಸುವು ಕಳೆದುಕೊಂಡಿರುತ್ತದೆ. ಇನ್ನೊಂದು ಎಡವಟ್ಟು ಹೆಸರಿನದು: ಆಸ್ಪತ್ರೆ ಲ್ಯಾಬಿನಲ್ಲಿ 'ಹೈಪೋ' ಎಂದರೆ ಇದೇ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಿನ್ನನ್ನೇ ನಾಶಮಾಡುವ ವಸ್ತು. ಬಾಟಲಿಯ ಮೇಲೆ ಪೂರ್ತಿ ಹೆಸರು ಬರೆಯಿರಿ.

70% ಆಲ್ಕೋಹಾಲ್ ಟೇಬಲ್ ಒರೆಸಲು ಸಾಕು, ಚೆಲ್ಲಿದ್ದಕ್ಕೆ ಸಾಲದು. ಕೆಲಸ ಮುಗಿಯುವ ಮೊದಲೇ ಅದು ಆರಿಹೋಗುತ್ತದೆ, ಬ್ಯಾಸಿಲಸ್ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ, ಬರ್ನರ್ ಹತ್ತಿರ ಬೆಂಕಿಯೂ ಹಿಡಿಯುತ್ತದೆ. ಅಟೆಂಡರ್ ಟಾಯ್ಲೆಟ್ ತೊಳೆಯುವ ಆಸಿಡ್ ತಂದರೆ ತಡೆಯಿರಿ, ಹೈಪೋಕ್ಲೋರೈಟ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಇದೇ ಭಯಕ್ಕೆ ಹೈಪೋಕ್ಲೋರೈಟಿನಲ್ಲಿ ನೆನೆದ ಟಿಶ್ಯೂವನ್ನು ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್‌ಗೂ ಹಾಕಬಾರದು. ಬಿಸಿಗೆ ವಿಷಾನಿಲ ಬರುವುದಲ್ಲದೆ ಚೇಂಬರ್ ತುಕ್ಕು ಹಿಡಿಯುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತವೆ: ಟಿಶ್ಯೂ ಹಳದಿ ಚೀಲಕ್ಕೆ, ಗಾಜು ನೀಲಿ ಗುರುತಿನ ಗಟ್ಟಿ ಡಬ್ಬಿಗೆ.

ಟ್ಯೂಬ್ ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದ ಒಳಗೆ ಟ್ಯೂಬ್ ಒಡೆದ ಸದ್ದು ಬಂದರೆ ಸ್ವಿಚ್ ಆರಿಸಿ, ಮುಚ್ಚಳ ತೆರೆಯದೆ 30 ನಿಮಿಷ ಬಿಡಿ. ಎದ್ದ ಹನಿಗಳು ಕೂರಲು ಅಷ್ಟು ಹೊತ್ತು ಬೇಕು. ಒಳಗೆ ಟ್ಯೂಬ್ ಹಿಡಿದು ತಿರುಗುವ ಅಲ್ಯೂಮಿನಿಯಂ ರೋಟರ್‌ಗೆ ಹೈಪೋಕ್ಲೋರೈಟ್ ಬೇಡ, ಲೋಹ ತಿನ್ನುತ್ತದೆ. ಅಲ್ಲಿ ತಯಾರಕರ ಕೈಪಿಡಿ ಹೇಳಿದ ಸೋಂಕುನಿವಾರಕವನ್ನೇ ಬಳಸಿ. ಸ್ಟೀಲ್ ಟೇಬಲ್ಲಾದರೆ ಕೊನೆಗೊಮ್ಮೆ ನೀರಿನಲ್ಲಿ ಒರೆಸಿ.