ಪರದೆಯ ಹಿಂದಿನ ಬಿಸಿಲು
ಕಲಬುರಗಿಯ ನಮ್ಮ ಮನೆಯ ಪಶ್ಚಿಮದ ಕಿಟಕಿಗೆ ಹೋದ ವರ್ಷ ದಪ್ಪನೆಯ ಕಂದು ಪರದೆ ಹಾಕಿಸಿದ್ದೆವು. ನಿನ್ನೆ ಸಂಜೆ 4 ಗಂಟೆಗೆ ಅದನ್ನು ಸರಿಸಲು ಹೋದಾಗ ಬಟ್ಟೆ ಆಗತಾನೇ ಇಸ್ತ್ರಿ ಮಾಡಿದಂತೆ ಕೈಗೆ ಬಿಸಿಯಾಗಿ ತಗುಲಿತು. ಪರದೆಗೂ ಗಾಜಿಗೂ ನಡುವಿನ ಸಂದಿಯಿಂದ ಮೇಲೇಳುತ್ತಿದ್ದ ಕಾವು ಮುಖಕ್ಕೆ ಹೊಡೆಯಿತು. ಬೆಳಕು ನಿಂತಿತ್ತು, ಶಾಖ ನಿಂತಿರಲಿಲ್ಲ.

ಸಾದಾ ಗಾಜು ಬಿಸಿಲಿನ ಬಹುಪಾಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಆದರೆ ಆ ಬಿಸಿಲನ್ನು ಹೀರಿ ಕಾದ ಪರದೆ ಹೊರಸೂಸುವ ದೀರ್ಘ ತರಂಗಗಳ ಶಾಖವನ್ನು ಅದೇ ಗಾಜು ನೇರವಾಗಿ ಹೊರಗೆ ದಾಟಗೊಡುವುದಿಲ್ಲವಾದ್ದರಿಂದ ಆ ಕಾವು ಬಹುಮಟ್ಟಿಗೆ ಕೋಣೆಯ ಪಾಲಾಗುತ್ತದೆ. ಗಾಜಿನ ಕಡೆಗೆ ಬಿಳಿಯ ಅಸ್ತರು ಇದ್ದಿದ್ದರೆ, ಬಿಸಿಲಿನ ಒಂದು ದೊಡ್ಡ ಭಾಗ ಶಾಖವಾಗುವ ಮೊದಲೇ, ಬೆಳಕಾಗಿಯೇ, ಗಾಜನ್ನು ದಾಟಿ ಹಿಂದಿರುಗುತ್ತಿತ್ತು. ಪರದೆ ಕೊಳ್ಳುವಾಗ ನಾವು ಗೋಡೆಗೆ ಹೊಂದುವ ಬಣ್ಣವನ್ನಷ್ಟೇ ನೋಡಿದೆವು. ಕಿಟಕಿಯ ಕಡೆಗಿನ ಬಣ್ಣವನ್ನು ನೋಡಬೇಕಿತ್ತು.

ಬಿಸಿಲು ಗಾಜನ್ನು ಮುಟ್ಟುವ ಮುನ್ನವೇ ತಡೆಯುವುದು ಇದಕ್ಕಿಂತಲೂ ಮೇಲು. ಅಜ್ಜಿ ಬೇಸಿಗೆ ಬಂತೆಂದರೆ ಕಿಟಕಿಯ ಹೊರಗೆ ಲಾವಂಚದ ತಟ್ಟಿ ಕಟ್ಟಿಸಿ, ಮಧ್ಯಾಹ್ನವೆಲ್ಲ ಅದಕ್ಕೆ ನೀರು ಚಿಮುಕಿಸುತ್ತಿದ್ದರು. ಆ ಒದ್ದೆ ಬೇರಿನ ವಾಸನೆ ಈಗಲೂ ನೆನಪಿದೆ. ಅಸ್ತರನ್ನು ಹೊಲಿಯಲು ಕೊಟ್ಟಿದ್ದೇನೆ, ತಟ್ಟಿಗಾಗಿ ಕಿಟಕಿಯ ಅಳತೆಯನ್ನೂ ತೆಗೆದಿಟ್ಟಿದ್ದೇನೆ.